ಕಚ್ಚಿದ ಉದ್ದಿನವಡೆ, ಮರದಲ್ಲಿ: ಮೊದಲ ಸಲ ಕೆತ್ತುವವರಿಗೆ

ಸ್ಟೀಲ್ ತಟ್ಟೆಯಲ್ಲಿ ಒಂದು ಉದ್ದಿನವಡೆ. ಒಂದು ಕಡೆ ಯಾರೋ ಕಚ್ಚಿ ಬಿಟ್ಟಿದ್ದಾರೆ. ನಮ್ಮ ಮನೆಗೆ ಬಂದವರು ಅದನ್ನು ನೋಡಿ ಸುಮ್ನೆ ಆಚೆ ಸರಿದು ಕೂರುತ್ತಾರೆ. ಎಂಜಲು ಅಲ್ವಾ, ಯಾರು ಮುಟ್ಟುತ್ತಾರೆ? ಸ್ವಲ್ಪ ಹೊತ್ತಿಗೆ ಕಾಫಿ ಲೋಟ ಇಡಲು ಜಾಗ ಬೇಕಾಗುತ್ತದೆ. ಯಾರೋ ತಟ್ಟೆ ಸರಿಸುತ್ತಾರೆ. ವಡೆ ಜಾರಿ ತಟ್ಟೆಯ ಅಂಚಿಗೆ ಬಡಿದು ‘ಟಣ್’ ಅನ್ನುತ್ತದೆ. ಒಂದು ಕ್ಷಣ ಎಲ್ಲರೂ ಗಪ್‌ಚಿಪ್. ಆಮೇಲೆ ನಗು. ಆಮೇಲೆ ಅದೇ ಎಂಜಲು ವಡೆ ಕೈಯಿಂದ ಕೈಗೆ ದಾಟುತ್ತದೆ. ಯಾರಾದರೊಬ್ಬರು ಮೂಸಿಯೂ ನೋಡುತ್ತಾರೆ.

ಅಂಥ ವಡೆಯೊಂದನ್ನು ನೀವೇ ಕೆತ್ತುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಮೊದಲ ಸಲ ಉಳಿ ಹಿಡಿಯುವವರಿಗೂ ಎರಡು ಮೂರು ಭಾನುವಾರದಲ್ಲಿ ಮುಗಿಯುವ ಕೆಲಸ ಇದು.

ಶುರು ಮಾಡುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ನಗು ಬರುವುದು ವಡೆಯ ಆಕಾರದಿಂದಲ್ಲ. ತೂತಿರುವ ಗುಂಡಗಿನ ಮರದ ತುಂಡು ಬರೀ ಬಳೆ ಸ್ಟ್ಯಾಂಡಿನ ಹಾಗೆ ಕಾಣುತ್ತದೆ. ನಗು ಬರುವುದು ಅದರ ಮೇಲಿರುವ ಎಂಜಲಿನಿಂದ. ಯಾರೋ ಅದನ್ನು ಬಳಸಿದ್ದಾರೆ, ಅರ್ಧಕ್ಕೆ ಬಿಟ್ಟಿದ್ದಾರೆ ಅನ್ನುವ ಗುರುತಿನಿಂದ. ಹಲ್ಲಿನ ಗುರುತು, ಕೊನೆಯ ಹನಿಯವರೆಗೂ ಹಿಂಡಿದ ಪೇಸ್ಟ್ ಟ್ಯೂಬಿನ ಸುಕ್ಕು, ಬಾರು ಕಿತ್ತುಹೋದ ಹವಾಯಿ ಚಪ್ಪಲಿಗೆ ಹಾಕಿದ ಪಿನ್ನು. ಏನೇ ಕೆತ್ತಿದರೂ ಈ ಗುರುತಿಗೇ ನಿಮ್ಮ ಅರ್ಧ ಸಮಯ ಕೊಡಿ.

ಮೊದಲು ಎರಡು ವಡೆ ತನ್ನಿ

ನಿಮಗೆ ಇಷ್ಟವಾದ ಹೋಟೆಲಿನಿಂದ ಎರಡು ವಡೆ ತನ್ನಿ. ಒಂದನ್ನು ತಿನ್ನಿ. ಇನ್ನೊಂದನ್ನು ಕಿಟಕಿ ಪಕ್ಕ, ಓರೆ ಬೆಳಕು ಬೀಳುವ ಕಡೆ ಇಟ್ಟು ನೋಡಿ. ಸುಮ್ನೆ ಹತ್ತು ನಿಮಿಷ ನೋಡಿ. ಇದುವರೆಗೆ ಎಷ್ಟೋ ವಡೆ ತಿಂದಿದ್ದೇವೆ, ಒಂದನ್ನೂ ಸರಿಯಾಗಿ ನೋಡಿರುವುದಿಲ್ಲ.

ತೂತು ನಡುವೆ ಇರುವುದಿಲ್ಲ, ಒಂದು ಕಡೆಗೆ ವಾಲಿರುತ್ತದೆ. ಹೆಬ್ಬೆರಳು ತೂರಿದ ಕಡೆ ತೂತಿನ ಅಂಚು ಒಳಗೆ ಮಡಚಿ ನುಣ್ಣಗಿರುತ್ತದೆ. ಇನ್ನೊಂದು ಕಡೆ ಕಿರಿದಾಗಿರುತ್ತದೆ. ಎಣ್ಣೆಗೆ ಬಿಡುವಾಗ ಬೆರಳಿಗೆ ಅಂಟಿಕೊಂಡ ಹಿಟ್ಟು ಎಳೆದುಕೊಂಡು ಹೋಗಿ ಅಂಚಿನಲ್ಲಿ ಒಂದು ಸಣ್ಣ ಬಾಲ ಮಾಡಿರುತ್ತದೆ. ಆ ಬಾಲ ಎಲ್ಲಕ್ಕಿಂತ ಜಾಸ್ತಿ ಕಂದಾಗಿರುತ್ತದೆ, ಯಾಕಂದರೆ ತೆಳ್ಳಗಿನ ಭಾಗ ಬೇಗ ಬೇಯುತ್ತದೆ. ಮೇಲಿನ ಸಿಪ್ಪೆಯಲ್ಲಿ ಸಣ್ಣ ಉಬ್ಬು, ಸಣ್ಣ ತಗ್ಗು, ಅಲ್ಲಲ್ಲಿ ಮೆಣಸಿನ ಚೂರು.

ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ ಫೋಟೊ ತೆಗೆದುಕೊಳ್ಳಿ. ಸ್ಕೇಲಿನಿಂದ ಅಳೆಯಿರಿ. ನಾನು ನೋಡಿ ಕೆತ್ತಿದ ವಡೆ 7.5 ಸೆಂ.ಮೀ. ಅಗಲ, 3 ಸೆಂ.ಮೀ. ದಪ್ಪ ಇತ್ತು. ಇದಾದ ಮೇಲೆ ಅದನ್ನು ಒಂದೇ ಸಲ ಕಚ್ಚಿ. ತುಂಬಾ ಒಳಗೆ ಬೇಡ. ಕಚ್ಚಿದ ಭಾಗಕ್ಕೇ ನಾಲ್ಕು ಫೋಟೊ ಬೇಕು. ಈ ಫೋಟೊಗಳು ಕೊನೆಯಲ್ಲಿ ಬೇಕಾಗುತ್ತವೆ.

ಯಾವ ಮರ

ವಡೆಗೆ ಬಿಳಿ ಮರ ಬೇಕು. ಹೊರಗಿನ ಕಂದು ಬಣ್ಣವನ್ನು ನಾವು ಮಾಡಿಕೊಳ್ಳುತ್ತೇವೆ, ಆದರೆ ಒಳಗಿನ ಬಿಳುಪು ಮರದ್ದೇ ಆಗಿರಬೇಕು.

ನಮ್ಮಲ್ಲಿ ಇದಕ್ಕೆ ಮೊದಲ ಹೆಸರು ಹಾಲೆಮರ. ಆಲೆಮರ ಅಂತಲೂ ಅನ್ನುತ್ತಾರೆ. ಚನ್ನಪಟ್ಟಣದ ಗೊಂಬೆಗಳು ಹುಟ್ಟುವುದು ಇದರಲ್ಲೇ. ದಂತದ ಹಾಗೆ ಬಿಳುಪು, ನಯವಾದ ಎಳೆ (ಎಳೆ ಅಂದರೆ ಮರದೊಳಗಿನ ನಾರು). ಎರಡನೆಯದು ಶಿವನಿ. ಹಗುರ, ಮೆದು, ಒಣಗಿದ ಮೇಲೆ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಸಾಗರ, ಸೊರಬದ ಕಡೆಯ ಗುಡಿಗಾರರು ಶ್ರೀಗಂಧದ ಜೊತೆಗೆ ಶಿವನಿಯನ್ನೂ ಕೆತ್ತುತ್ತಾರೆ. ಇವೆರಡೂ ಸಿಗದಿದ್ದರೆ ಆನ್‌ಲೈನಿನಲ್ಲಿ ‘ಬಾಸ್‌ವುಡ್’ ಅಂತ ತುಂಡುಗಳು ಸಿಗುತ್ತವೆ. ದುಬಾರಿ, ಆದರೆ ಕಲಿಯುವ ಕೈಗೆ ಅದರಷ್ಟು ಹಿತವಾದ ಮರ ಇನ್ನೊಂದಿಲ್ಲ. ಯುರೋಪಿನವರು ಲೈಮ್ ಅಥವಾ ಲಿಂಡನ್ ಅನ್ನುವ ಮರವೂ ಇದರ ಹತ್ತಿರದ ಸಂಬಂಧಿ. ಲೈಮ್ ಅಂದ ತಕ್ಷಣ ನಿಂಬೆಮರ ಅಂದುಕೊಳ್ಳಬೇಡಿ, ಅದೇ ಬೇರೆ.

ತೇಗ ಬೇಡ. ಎಳೆ ಒರಟು, ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಬೀಟೆ ಗಟ್ಟಿ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಅದರಲ್ಲಿ ಒಂದು ಗೆರೆ ಮೆದು, ಪಕ್ಕದ ಗೆರೆ ಗಟ್ಟಿ. ಉಳಿ ಕುಣಿಯುತ್ತದೆ. ಹಲಸು ಚೆಂದದ ಹಳದಿ. ಅದನ್ನು ಮೈಸೂರ್‌ಪಾಕಿಗೆ ಎತ್ತಿಡಿ. ವರ್ಷ ಕಳೆದಂತೆ ಅದು ತಾನಾಗೇ ಜೇನಿನ ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ, ತುಪ್ಪ ಹೀರಿಕೊಂಡ ಹಾಗೆ.

ಮರ ಒಣಗಿರಲೇಬೇಕು. ನಾನು ಮೊದಲು ಕೆತ್ತಿದ್ದು ಅರ್ಧ ಸುಲಿದ ಬಾಳೆಹಣ್ಣು. ಒಂದು ಸಾಮಿಲ್‌ನಲ್ಲಿ ‘ಪೂರ್ತಿ ಒಣಗಿದೆ’ ಅಂತ ಕೊಟ್ಟ ತುಂಡು. ಮೂರು ವಾರ ಕೆತ್ತಿದೆ. ಮುಗಿದ ನಾಲ್ಕನೇ ದಿನ ಬುಡದಿಂದ ತುದಿಯವರೆಗೆ ಬಿರುಕು ಬಿಟ್ಟಿತು. ತುಂಬಾ ಬೇಜಾರಾಯ್ತು. ಆಮೇಲೆ ನೋಡಿದರೆ ತುಂಡಿನ ನಡುವೆ ಮರದ ತಿರುಳೂ, ಅಂದರೆ ಕಾಂಡದ ನಟ್ಟನಡುವಿನ ಭಾಗವೂ, ಇತ್ತು. ತಿರುಳಿರುವ ತುಂಡು ಒಣಗುವಾಗ ಬಿರುಕು ಬಿಡುವುದು ಹೆಚ್ಚುಕಮ್ಮಿ ಖಚಿತ. ಅದಕ್ಕೇ ಕೊಳ್ಳುವಾಗ ತುದಿಯನ್ನು ನೋಡಿ. ವರ್ಷದ ಬಳೆಗಳು ಪೂರ್ತಿ ಸುತ್ತಾಗಿ ಕಂಡರೆ ತಿರುಳು ಒಳಗಿದೆ ಅಂತ. ಬರೀ ಬಿಲ್ಲಿನ ಹಾಗೆ ಬಾಗಿದ ಗೆರೆಗಳಿದ್ದರೆ ತೊಂದರೆ ಇಲ್ಲ. ಹಸಿ ಮರವನ್ನು ನೆರಳಿನಲ್ಲಿ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ.

ವಡೆಗೆ 9 ಸೆಂ.ಮೀ. ಉದ್ದ, 9 ಅಗಲ, 4 ದಪ್ಪದ ತುಂಡು ಸಾಕು. ಎರಡು ತಂದುಕೊಳ್ಳಿ. ಎರಡನೆಯದು ಪರೀಕ್ಷೆಗೆ.

ಉಳಿ, ಚಾಕು, ಕೈಗವಸು

ನಾಲ್ಕು ಬಗೆಯ ಸಾಮಾನು ಸಾಕು. ಚಿಕ್ಕ ಬಾಯಿಯ ಕೆತ್ತನೆ ಚಾಕು ಒಂದು. ದೋಣಿಯ ಹಾಗೆ ಬಾಗಿದ ಬಾಯಿಯ ಉಳಿ ಮೂರು: 9 ಮಿ.ಮೀ., 5 ಮಿ.ಮೀ., 3 ಮಿ.ಮೀ. ಅಂಗಡಿಯಲ್ಲಿ ಗೌಜ್ ಅಂತ ಕೇಳಿ. ಸಣ್ಣ ಗರಗಸ ಒಂದು. ಡ್ರಿಲ್ ಒಂದು. 9 ಮತ್ತು 5 ಅಂತಲೇ ಯಾಕೆ ಹೇಳಿದೆ ಅನ್ನುವುದು ಹಲ್ಲಿನ ವಿಷಯ ಬಂದಾಗ ಗೊತ್ತಾಗುತ್ತದೆ.

ಇದರ ಜೊತೆಗೆ ಚಾಕು ತಾಗಿದರೂ ಸುಲಭವಾಗಿ ಹರಿಯದ ಕೈಗವಸು ಬೇಕೇ ಬೇಕು. ಚಾಕು ಬಳಸುವಾಗ ಮರ ಹಿಡಿಯುವ ಕೈಗೆ ಹಾಕಿ. ಉಳಿಯ ದಾರಿಯಲ್ಲಿ ಯಾವತ್ತೂ ಕೈ ಇರಬಾರದು. ಉಳಿ ಬಳಸುವಾಗ ಮರವನ್ನು ಕೈಯಲ್ಲಿ ಹಿಡಿಯಲೇಬೇಡಿ. ತುಂಡಿನ ಕೆಳಭಾಗಕ್ಕೆ ಹಲಗೆಯೊಂದನ್ನು ಸ್ಕ್ರೂ ಹಾಕಿ ಕೂರಿಸಿ, ಆ ಹಲಗೆಯನ್ನು ಮೇಜಿಗೆ ಕ್ಲ್ಯಾಂಪ್ ಮಾಡಿ. ಆಗ ಎರಡೂ ಕೈ ಉಳಿಯ ಮೇಲಿರುತ್ತದೆ.

ಇನ್ನು ಮೊನಚು. ಕೈ ಕುಯ್ದುಕೊಳ್ಳುವುದು ಹರಿತವಾದ ಉಳಿಯಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೊಂಡು ಉಳಿಯೇ ಜಾಸ್ತಿ ಅಪಾಯ. ಅದನ್ನು ಬಲವಾಗಿ ನೂಕಬೇಕಾಗುತ್ತದೆ, ಬಲ ಹಾಕಿದಾಗಲೇ ಜಾರುವುದು. 1000 ನಂಬರಿನ ಸಾಣೆಕಲ್ಲಿನಲ್ಲಿ ಉಜ್ಜಿ, ಹಳೆಯ ಚರ್ಮದ ಬೆಲ್ಟಿಗೆ ಪಾಲಿಶ್ ಪುಡಿ ಹಚ್ಚಿ ಅದರ ಮೇಲೆ ಹಿಂದಕ್ಕೆ ಎಳೆಯಿರಿ. ಕೆತ್ತುವಾಗಲೂ ಇಪ್ಪತ್ತು ನಿಮಿಷಕ್ಕೊಮ್ಮೆ ಬೆಲ್ಟಿನ ಮೇಲೆ ಎಳೆಯಿರಿ. ಕತ್ತರಿಸಿದ ಜಾಗ ಹೊಳೆಯುತ್ತಿದ್ದರೆ ಉಳಿ ಹರಿತವಾಗಿದೆ. ಬಿಳಿ ಗೀರು ಬೀಳುತ್ತಿದ್ದರೆ ಬಾಯಿಯಲ್ಲಿ ಎಲ್ಲೋ ಮುಕ್ಕಾಗಿದೆ.

ಒರಟು ಆಕಾರ

ಮರದ ತುಂಡಿನ ಮೇಲೆ ವಡೆಯ ಸುತ್ತು ಬರೆಯಿರಿ. ಕೈವಾರ ಬೇಡ, ಕೈಯಲ್ಲೇ ಬರೆಯಿರಿ. ಕೈವಾರದ ಸುತ್ತು ಮಾಡಿದ ಕ್ಷಣಕ್ಕೆ ಅದು ಯಂತ್ರದ್ದಾಗುತ್ತದೆ. ತೂತಿನ ಜಾಗವನ್ನೂ ಗುರುತು ಮಾಡಿ, ನಡುವಿನಿಂದ ಅರ್ಧ ಸೆಂ.ಮೀ. ಪಕ್ಕಕ್ಕೆ.

ತೂತನ್ನು ಮೊದಲೇ ಕೊರೆಯಿರಿ, ತುಂಡು ಚೌಕಾಗಿರುವಾಗ ಹಿಡಿಯುವುದು ಸುಲಭ. 12 ಮಿ.ಮೀ. ಬಿಟ್ ಹಾಕಿ ಮೇಲಿನಿಂದ ಅರ್ಧ, ತಿರುಗಿಸಿ ಕೆಳಗಿನಿಂದ ಅರ್ಧ. ಒಂದೇ ಕಡೆಯಿಂದ ಪೂರ್ತಿ ಕೊರೆದರೆ ಬಿಟ್ ಹೊರಬರುವ ಕಡೆ ಮರ ಕಿತ್ತು ಬರುತ್ತದೆ. ಆಮೇಲೆ ಗರಗಸದಿಂದ ನಾಲ್ಕು ಮೂಲೆ ತೆಗೆಯಿರಿ. ಎಂಟು ಮೂಲೆಯ ಬಿಲ್ಲೆ ಆಗುತ್ತದೆ. ಈಗ ಹಲಗೆಗೆ ಕೂರಿಸಿ, 9 ಮಿ.ಮೀ. ಉಳಿ ತೆಗೆದುಕೊಳ್ಳಿ.

ಹೊಸಬರ ಕೈ ಸೋಲುವುದು ಇಲ್ಲೇ. ಮರದ ಎಳೆ ಒಂದೇ ದಿಕ್ಕಿಗೆ ಓಡುತ್ತದೆ, ನಮ್ಮ ವಡೆ ಮಾತ್ರ ಗುಂಡಗಿದೆ. ಎಳೆಯ ಜೊತೆ ಕೆತ್ತಿದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಬರುತ್ತದೆ. ಎದುರಾಗಿ ಕೆತ್ತಿದರೆ ಉಳಿ ಮರದೊಳಗೆ ನುಗ್ಗಿ ದೊಡ್ಡ ಚೂರು ಎದ್ದುಬರುತ್ತದೆ. ಯಾವಾಗಲೂ ಏರಿನಿಂದ ಇಳಿಜಾರಿಗೆ ಕೆತ್ತಿ. ವಡೆಯನ್ನು ನಾಲ್ಕು ಕಾಲು ಭಾಗ ಮಾಡಿಕೊಳ್ಳಿ, ಪೆನ್ಸಿಲ್‌ನಲ್ಲಿ ಗೆರೆ ಹಾಕಿದರೂ ಸರಿ. ಒಂದೊಂದು ಕಾಲು ಭಾಗಕ್ಕೂ ಬಾಣದ ಗುರುತು ಹಾಕಿ. ಎಳೆಗೆ ಸಮನಾದ ಬದಿಯಿಂದ ಎಳೆ ಕಡಿದು ಕಾಣುವ ಬದಿಯ ಕಡೆಗೆ. ಒಂದು ಕಾಲು ಭಾಗ ದಾಟಿದಾಗ ದಿಕ್ಕು ಬದಲಿಸಬೇಕು. ಒಂದೇ ದಿಕ್ಕಿನಲ್ಲಿ ಸುತ್ತು ಹೊಡೆಯಲು ಹೋದರೆ ಎರಡು ಕಡೆ ಕಿತ್ತೇ ಹೋಗುತ್ತದೆ. ತೂತಿನ ಒಳಗೂ ಇದೇ ಕತೆ, ಆದರೆ ಬಾಣಗಳು ಉಲ್ಟಾ.

ಎಳೆ ಕಡಿದು ಕಾಣುವ ತುದಿಗಳು ಗಟ್ಟಿ ಅನ್ನಿಸಿದರೆ ಅರ್ಧ ನೀರು, ಅರ್ಧ ಸರ್ಜಿಕಲ್ ಸ್ಪಿರಿಟ್ ಬೆರೆಸಿ ಹತ್ತಿಯಲ್ಲಿ ಒತ್ತಿ, ಎರಡು ನಿಮಿಷ ಬಿಡಿ. ಬೆಣ್ಣೆಯ ಹಾಗೆ ಆಗದಿದ್ದರೂ ಉಳಿ ಮಾತು ಕೇಳುತ್ತದೆ.

ಮೇಲಿನ ಭಾಗ ದುಂಡಗಾದ ಮೇಲೆ ಸ್ಕ್ರೂ ತೆಗೆದು ಕೆಳಭಾಗ ಮಾಡಿ. ಅದನ್ನು ಸ್ವಲ್ಪ ಚಪ್ಪಟೆ ಬಿಡಿ. ಸ್ಕ್ರೂ ತೂತು ಉಳಿದಿದ್ದರೆ ಅಲ್ಲೇ ಒಂದು ಗುಳ್ಳೆ ಒಡೆದ ಹಾಗೆ ಮಾಡಿಬಿಡಿ. ಆಳವಾಗಿದ್ದರೆ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಗೊಂಬೆ ಮಾಡುವವರು ‘ಕಿಟ್ಟ’ ಅಂತ ಒಂದು ಮೆತ್ತು ಮಾಡುತ್ತಾರೆ, ಹುಣಸೆ ಬೀಜದ ಅಂಟು, ಮರದ ಹುಡಿ, ಪುಡಿ ಮಾಡಿದ ಸೆಣಬಿನ ಬಟ್ಟೆ ಸೇರಿಸಿ. ಹುಣಸೆ ಬೀಜದ ಅಂಟನ್ನು ಮನೆಯಲ್ಲೇ ಕಾಯಿಸಿ ನಾನೂ ಹುಡಿ ಕಲಸಿ ನೋಡಿದ್ದೇನೆ. ಒಣಗಿದ ಮೇಲೆ ಉಳಿಯಲ್ಲೂ ಚೆನ್ನಾಗಿ ಕತ್ತರಿಸುತ್ತದೆ.

ಸಿಪ್ಪೆ

ಸ್ಯಾಂಡ್ ಪೇಪರನ್ನು ಬೇರೆ ರೂಮಿನಲ್ಲಿ ಇಟ್ಟು ಬನ್ನಿ. ಇಷ್ಟು ಹೊತ್ತು ಚೆನ್ನಾಗಿ ಬಂದ ವಡೆಯನ್ನು ಹಾಳು ಮಾಡುವುದು ಅದೇ. ಉಜ್ಜಿ ನುಣ್ಣಗೆ ಮಾಡಿದ ವಡೆ ಸಾಬೂನಿನ ಹಾಗೆ ಕಾಣುತ್ತದೆ.

3 ಮಿ.ಮೀ. ಉಳಿಯಲ್ಲಿ ಚಿಕ್ಕ ಚಿಕ್ಕ ತಗ್ಗು ಮಾಡುತ್ತಾ ಹೋಗಿ. ಸಾಲಾಗಿ ಬೇಡ. ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ. ಹೆಬ್ಬೆರಳು ತೂರಿದ ಕಡೆ ನುಣ್ಣಗೆ ಬಿಡಿ, ಅಂಚಿನ ಬಾಲ ಮರೆಯಬೇಡಿ. ಆಮೇಲೆ ಹಿತ್ತಾಳೆ ತಂತಿಯ ಬ್ರಷ್‌ನಿಂದ ಮೆಲ್ಲಗೆ ಎಳೆಯ ದಿಕ್ಕಿನಲ್ಲಿ ಉಜ್ಜಿ. ಉಳಿಯ ಚೂಪು ಅಂಚುಗಳು ಕರಗುತ್ತವೆ, ಉಬ್ಬು ತಗ್ಗು ಉಳಿಯುತ್ತದೆ. ಫೋಟೊ ಪಕ್ಕದಲ್ಲಿರಲಿ. ನೆನಪಿನಿಂದ ಮಾಡಿದ ಸಿಪ್ಪೆ ಎಲ್ಲ ಕಡೆ ಒಂದೇ ಥರ ಆಗುತ್ತದೆ.

ವಡೆ ಕರಿಯುವುದು

ನನಗೆ ತುಂಬಾ ಇಷ್ಟವಾದ ಹಂತ ಇದು. ಬಣ್ಣ ಹಚ್ಚುವುದಿಲ್ಲ. ನಿಜವಾಗಿಯೂ ಬಾಣಲೆಯಲ್ಲಿ ಹಾಕುತ್ತೇವೆ, ಎಣ್ಣೆ ಬದಲು ಮರಳು.

ಪೀಠೋಪಕರಣಕ್ಕೆ ತೆಳ್ಳನೆ ಮರದ ಹೂವು ಎಲೆ ಕೂರಿಸುವವರು ಅದರ ಅಂಚಿಗೆ ನೆರಳಿನ ಬಣ್ಣ ತರಲು ಬಿಸಿ ಮರಳಿನಲ್ಲಿ ಅದ್ದುತ್ತಾರೆ. ನಮ್ಮ ಪುರಿ ಭಟ್ಟಿಯಲ್ಲಿ ಕಡಲೆ ಹುರಿಯುವ ಹಾಗೆಯೇ. ಹಳೆಯ ಕಬ್ಬಿಣದ ಬಾಣಲೆಗೆ ಜರಡಿ ಹಿಡಿದ ನುಣ್ಣನೆ ಮರಳನ್ನು ಎರಡು ಇಂಚು ತುಂಬಿ, ಹೊರಗೆ ಗಾಳಿಯಾಡುವ ಕಡೆ ಒಲೆ ಇಟ್ಟು ಚೆನ್ನಾಗಿ ಕಾಯಿಸಿ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಮೊದಲು ಪರೀಕ್ಷೆಯ ತುಂಡನ್ನು ಇಕ್ಕಳದಲ್ಲಿ ಹಿಡಿದು ಮರಳಿಗೆ ಒತ್ತಿ, ಹತ್ತು ಎಣಿಸಿ, ತೆಗೆದು ನೋಡಿ. ಗೋಧಿ ಬಣ್ಣ ಬಂದರೆ ಬಿಸಿ ಸರಿ. ಹೊಗೆ ಎದ್ದು ಕಪ್ಪಾದರೆ ಒಲೆ ಸಣ್ಣ ಮಾಡಿ.

ಈಗ ವಡೆ. ಒಂದು ಬದಿ ಕೆಲವು ಸೆಕೆಂಡು, ತೆಗೆದು ನೋಡಿ, ತಿರುಗಿಸಿ. ಒಂದೇ ಸಲ ಜಾಸ್ತಿ ಹೊತ್ತು ಹೂತಿಟ್ಟರೆ ಮೇಲ್ಮೈ ಸೀಳುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪ ಹೊತ್ತು, ನಡುವೆ ಆರಲು ಬಿಟ್ಟು. ಉಬ್ಬುಗಳು ಮೊದಲು ಕಂದಾಗುತ್ತವೆ, ತಗ್ಗುಗಳು ಹೊಂಬಣ್ಣದಲ್ಲೇ ಉಳಿಯುತ್ತವೆ. ಅಂಚಿನ ಬಾಲ ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ. ಎಣ್ಣೆಯಲ್ಲಿ ಆಗುವುದೂ ಇದೇ. ಬ್ರಷ್ ಹಿಡಿದು ಬಣ್ಣ ಹಚ್ಚಿದರೆ ಇದನ್ನು ತರುವುದು ತುಂಬಾ ಕಷ್ಟ. ಅಡುಗೆಗೆ ಬಳಸುವ ಅರಿಸಿನದ ಬಣ್ಣವನ್ನು ಕೆಲವರು ಹಚ್ಚುತ್ತಾರೆ. ಬೆಳಕು ಬಿದ್ದರೆ ಅದು ಬೇಗ ಮಾಸಿಹೋಗುತ್ತದೆ, ನಂಬಬೇಡಿ.

ಪೂರ್ತಿ ಆರಿದ ಮೇಲೆ ಬ್ರಷ್‌ನಿಂದ ಮರಳು ಕೊಡವಿ. ಮೆಣಸಿನ ಚೂರಿಗೆ ದಪ್ಪ ಸೂಜಿ ಕಾಯಿಸಿ ಅಲ್ಲಲ್ಲಿ ಚುಚ್ಚಿ. ಆರೇಳು ಸಾಕು.

ಕಚ್ಚುವುದು

ಕರಿದ ಮೇಲೆಯೇ ಕಚ್ಚಬೇಕು, ಮೊದಲಲ್ಲ. ಆಗ ಉಳಿ ಕಂದು ಸಿಪ್ಪೆಯನ್ನು ದಾಟಿ ಒಳಗಿನ ಬಿಳಿ ಮರಕ್ಕೆ ಹೋಗುತ್ತದೆ. ವಡೆಯ ಒಳಗು ತಾನಾಗೇ ತೆರೆದುಕೊಳ್ಳುತ್ತದೆ. ಸಿಪ್ಪೆ ಮಾತ್ರ ಕಂದು, ಅದರ ಕೆಳಗೆ ಒಂದು ತೆಳು ಹೊಂಬಣ್ಣದ ಗೆರೆ, ಆಮೇಲೆ ಬಿಳುಪು. ಆ ಮೊದಲ ಚೂರು ಎದ್ದಾಗ ಆಗುವ ಖುಷಿ ಇದೆಯಲ್ಲ, ಅದಕ್ಕಾಗಿಯೇ ನಾನು ಮತ್ತೆ ಮತ್ತೆ ವಡೆ ಕೆತ್ತುತ್ತೇನೆ.

ದೊಡ್ಡವರ ಮೇಲಿನ ನಡುಹಲ್ಲು ಒಂದೊಂದೂ ಸುಮಾರು 8ರಿಂದ 9 ಮಿ.ಮೀ. ಅಗಲ. ಕೆಳಗಿನ ನಡುಹಲ್ಲು ಸುಮಾರು 5 ಮಿ.ಮೀ. ಈಗ ಗೊತ್ತಾಯ್ತಲ್ಲ, ಆ ಎರಡು ಉಳಿ ಯಾಕೆ ಅಂತ. ವಡೆಯ ಮೇಲ್ಬದಿಯ ಅಂಚಿನಲ್ಲಿ 9 ಮಿ.ಮೀ. ಉಳಿಯನ್ನು ನೆಟ್ಟಗೆ ಹಿಡಿದು ಪಕ್ಕಪಕ್ಕಕ್ಕೆ ಎರಡು ಒತ್ತು. ಅವುಗಳ ಎರಡೂ ಬದಿಗೆ ಸ್ವಲ್ಪ ಚಿಕ್ಕ ಒತ್ತು ಒಂದೊಂದು, ಸ್ವಲ್ಪ ಓರೆಯಾಗಿ, ಸಾಲು ಬಿಲ್ಲಿನ ಹಾಗೆ ಬಾಗಲಿ. ಕೆಳಬದಿಯ ಅಂಚಿಗೆ 5 ಮಿ.ಮೀ. ಉಳಿಯಲ್ಲಿ ನಾಲ್ಕು ಒತ್ತು. ಎರಡೂ ಸಾಲು ಒಂದರ ಮೇಲೊಂದು ಸರಿಯಾಗಿ ಕೂರಬಾರದು. ಕೆಳಗಿನದು ಒಂದೆರಡು ಮಿ.ಮೀ. ಹೊರಗಿರಲಿ. ಕಚ್ಚಿದ ಭಾಗ ತೂತಿನವರೆಗೂ ಹೋಗಬಾರದು. ಹೋದರೆ ವಡೆ ಮುರಿದ ಹಾಗೆ ಕಾಣುತ್ತದೆ, ಕಚ್ಚಿದ ಹಾಗಲ್ಲ.

ಎರಡು ಸಾಲಿನ ನಡುವಿನ ಜಾಗ ಎಲ್ಲಕ್ಕಿಂತ ಮುಖ್ಯ. ಹಲ್ಲು ಮೇಲೆ ಕೆಳಗೆ ಮಾತ್ರ ಕತ್ತರಿಸುತ್ತದೆ. ನಡುವಿನದನ್ನು ನಾವು ಎಳೆದು ಹರಿಯುತ್ತೇವೆ. ಫೋಟೊ ನೋಡಿ. ಅಲ್ಲಿ ಗೆರೆ ಇಲ್ಲ, ಸ್ಪಂಜಿನ ಹಾಗೆ ಗುಳಿಗಳಿವೆ. 3 ಮಿ.ಮೀ. ಉಳಿಯನ್ನು ಚುಚ್ಚಿ ಮೇಲಕ್ಕೆ ಮೀಟಿ. ಮರ ಕತ್ತರಿಸಿ ಬರಬಾರದು, ಹರಿದು ಬರಬೇಕು. ಇಷ್ಟು ಹೊತ್ತು ತಪ್ಪಿಸಿಕೊಂಡು ಬಂದ ಉಲ್ಟಾ ಎಳೆಯ ಕೆತ್ತನೆ ಇಲ್ಲಿ ಬೇಕಾಗುತ್ತದೆ. ಎಳೆಗೆ ಎದುರಾಗಿ ನೂಕಿ, ಅದು ತಾನಾಗೇ ಕಿತ್ತು ಬರಲಿ. ಆಮೇಲೆ 1 ಮತ್ತು 2 ಮಿ.ಮೀ. ಡ್ರಿಲ್ ಬಿಟ್‌ನಲ್ಲಿ ಓರೆ ಓರೆಯಾಗಿ ಹತ್ತು ಹದಿನೈದು ತೂತು. ಗುಂಪುಗುಂಪಾಗಿ ಇರಲಿ. ಒಂದು ದೊಡ್ಡ ಗುಳಿಯ ಪಕ್ಕ ಮೂರು ನಾಲ್ಕು ಸಣ್ಣವು. ಕೊನೆಗೆ ಒಂದು ಕರಿಬೇವಿನ ಎಲೆಯ ತುದಿ ಹೊರಗೆ ಇಣುಕಲಿ. ಅದನ್ನು ಬೇರೆ ತೆಳು ಚೂರಿನಲ್ಲಿ ಕೆತ್ತಿ, ಸಣ್ಣ ಸೀಳು ಮಾಡಿ ಅಂಟಿಸಿ.

ಎಣ್ಣೆ ಜಿಡ್ಡು

ಪೂರ್ತಿ ವಾರ್ನಿಶ್ ಹೊಡೆಯಬೇಡಿ. ಹೊರಗೆ ಜಿಡ್ಡಿನ ಹೊಳಪು, ಒಳಗೆ ಮಂಕು. ಈ ವ್ಯತ್ಯಾಸದಿಂದಲೇ ಕಣ್ಣು ಮೋಸ ಹೋಗುವುದು. ಜೇನುಮೇಣವನ್ನು ಸ್ವಲ್ಪ ಅಗಸೆ ಎಣ್ಣೆಯಲ್ಲಿ ಕರಗಿಸಿ, ಆರಿದ ಮೇಲೆ ಬಟ್ಟೆಯಲ್ಲಿ ತೆಗೆದುಕೊಂಡು ಉಬ್ಬಿರುವ ಕಡೆ ಮಾತ್ರ ಉಜ್ಜಿ. ಕಚ್ಚಿದ ಜಾಗಕ್ಕೆ ಏನೂ ಬೇಡ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಅಂಟಂಟಾಗಿ ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗುತ್ತದೆ.

ಒಂದು ಎಚ್ಚರಿಕೆ. ಅಗಸೆ ಎಣ್ಣೆ ಹತ್ತಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದುರಿದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಹರಡಿ ಹೊರಗೆ ಒಣಗಿಸಿ, ಇಲ್ಲವಾದರೆ ನೀರಿನಲ್ಲಿ ನೆನೆಹಾಕಿ.

ಹಳಬರು ಮಾಡಿದ್ದು ನೋಡಿ

ಈ ಬಗೆಯ ಕೆತ್ತನೆ ಹೊಸದಲ್ಲ. ಗ್ರಿನ್‌ಲಿಂಗ್ ಗಿಬ್ಬನ್ಸ್ ಅನ್ನುವ ಕೆತ್ತನೆಗಾರ 1690ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಲೈಮ್ ಮರದಲ್ಲಿ ಕುತ್ತಿಗೆಗೆ ಕಟ್ಟುವ ಲೇಸ್ ಬಟ್ಟೆಯೊಂದನ್ನು ಕೆತ್ತಿದ. ಲೇಸಿನ ಒಂದೊಂದು ತೂತೂ ಅದರಲ್ಲಿದೆ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಒಂದು ಕಾಲಕ್ಕೆ ಅದು ಹೊರೇಸ್ ವಾಲ್ಪೋಲ್ ಅನ್ನುವ ಇಂಗ್ಲಿಷ್ ಲೇಖಕರ ಹತ್ತಿರ ಇತ್ತು. 1769ರಲ್ಲಿ ಅವರ ಮನೆಗೆ ವಿದೇಶಿ ಅತಿಥಿಗಳು ಬಂದಾಗ ಆ ಮರದ ಬಟ್ಟೆಯನ್ನೇ ಕುತ್ತಿಗೆಗೆ ಕಟ್ಟಿಕೊಂಡು ಬಾಗಿಲಿಗೆ ಹೋದರು. ಜೊತೆಗೆ ಬಂದ ಫ್ರೆಂಚ್ ಸೇವಕರು ಇಂಗ್ಲಿಷ್ ಜಮೀನ್ದಾರರು ಉಡುವುದೇ ಹೀಗೆ ಅಂದುಕೊಂಡರಂತೆ. ಕೆತ್ತಿದ್ದು ಒಬ್ಬ, ನಗು ತಂದಿದ್ದು ಅದನ್ನು ತೊಟ್ಟವರು.

ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಫುಮಿಯೊ ಯೊಶಿಮುರಾ ಲಿಂಡನ್ ಮರದಲ್ಲಿ ಟೈಪ್‌ರೈಟರ್, ಸೈಕಲ್ ಎಲ್ಲ ಕೆತ್ತಿದರು. ಬಣ್ಣ ಹಚ್ಚಲಿಲ್ಲ. ಸೈಕಲ್ಲಿನ ಕಡ್ಡಿಗಳೂ ಬಿಳಿ ಮರ. ನೋಡಿದ ತಕ್ಷಣ ಮುಟ್ಟಬೇಕು ಅನ್ನಿಸುತ್ತದೆ, ಮುಟ್ಟಲು ಭಯವೂ ಆಗುತ್ತದೆ. ವೆನಿಸ್‌ನ ಲಿವಿಯೊ ದೆ ಮಾರ್ಕಿ ಇನ್ನೊಂದು ದಾರಿ ಹಿಡಿದವರು. ಅಂಗಿ, ಪುಸ್ತಕ, ಟೋಪಿ ಎಲ್ಲವನ್ನೂ ಮರದಲ್ಲಿ ಮಾಡಿದರು. ಮರದ ಕಾರು ಮಾಡಿ ಕಾಲುವೆಯಲ್ಲಿ ತೇಲಿಸಿದರು. 2021ರಲ್ಲಿ ಸುಮಾರು 12 ಮೀಟರ್ ಉದ್ದದ ಪಿಟೀಲು ಮಾಡಿ, ಅದರ ಮೇಲೆ ವಾದ್ಯಗಾರರನ್ನು ಕೂರಿಸಿ ಗ್ರ್ಯಾಂಡ್ ಕೆನಾಲ್‌ನಲ್ಲಿ ಬಿಟ್ಟರು. ಇವರೆಲ್ಲರ ಕೆಲಸ ನೋಡಿದ ಮೇಲೆ ನಾನು ಮಾಡಿದ ಮರದ ಸಾಮಾನನ್ನು ಶೋಕೇಸಿನ ಗಾಜಿನ ಹಿಂದೆ ಇಡುವುದು ಬಿಟ್ಟೆ. ಪೇಸ್ಟ್ ಟ್ಯೂಬ್ ಬಚ್ಚಲಿನ ಕಟ್ಟೆಯ ಮೇಲಿರಬೇಕು. ವಡೆ ಸ್ಟೀಲ್ ತಟ್ಟೆಯಲ್ಲೇ ಇರಬೇಕು.

ವಡೆಯ ಮೇಲೆ ಮುಂದೇನು

ಎರಡನೆಯದಾಗಿ ಪೇಸ್ಟ್ ಟ್ಯೂಬ್ ಮಾಡಿ. ವಡೆಗಿಂತ ಸುಲಭ, ಯಾಕಂದರೆ ಎಳೆ ಉದ್ದಕ್ಕೆ ಓಡುತ್ತದೆ. ಬಾಲದ ಕಡೆ ಸುತ್ತಿ ಸುತ್ತಿ ಹಿಂಡಿದ ಸುರುಳಿ, ನಡುವೆ ಹೆಬ್ಬೆರಳು ಒತ್ತಿದ ತಗ್ಗು, ಮುಚ್ಚಳ ಇಲ್ಲ. ನಿಮ್ಮ ಮನೆಯ ಟ್ಯೂಬನ್ನೇ ನೋಡಿ ಮಾಡಿ. ಯಾರು ಹೇಗೆ ಹಿಂಡುತ್ತಾರೆ ಅನ್ನುವುದು ಮನೆಯವರಿಗೆಲ್ಲ ಗೊತ್ತಿರುತ್ತದೆ, ನೋಡಿದ ತಕ್ಷಣ ಹೆಸರು ಹೇಳುತ್ತಾರೆ.

ಪಿನ್ನು ಹಾಕಿದ ಹವಾಯಿ ಚಪ್ಪಲಿ ಸ್ವಲ್ಪ ಕಷ್ಟ. ಅಟ್ಟೆ ಸುಲಭ. ಹಿಮ್ಮಡಿಯ ಕಡೆ ಸವೆದ ತಗ್ಗು, ಹೆಬ್ಬೆರಳಿನ ಗುಳಿ ಮಾಡಿದರೆ ಚಪ್ಪಲಿಗೆ ಯಜಮಾನ ಬಂದ ಹಾಗೆ. ಆದರೆ ಬಾರನ್ನು ಅದೇ ತುಂಡಿನಲ್ಲಿ ಕೆತ್ತಲು ಹೋಗಬೇಡಿ. ಬಾಗಿದ ಕಡೆ ಎಳೆ ಅಡ್ಡ ಬರುತ್ತದೆ, ಬೆರಳು ತಾಗಿದರೂ ಪಟಕ್ಕನೆ ಮುರಿಯುತ್ತದೆ. ಬಾರಿನ ಎರಡು ಕೈಯನ್ನೂ ಬೇರೆ ಬೇರೆ ತುಂಡಿನಲ್ಲಿ, ಎಳೆ ಉದ್ದಕ್ಕೆ ಬರುವ ಹಾಗೆ ಕೆತ್ತಿ ಜೋಡಿಸಿ. ಪಿನ್ನನ್ನೂ ಮರದಲ್ಲೇ ಮಾಡಬೇಕು ಅನ್ನುವುದು ನನ್ನ ಹಟ. ಬಿದಿರಿನ ಕಡ್ಡಿಯನ್ನು ಬಿಸಿ ಮಾಡಿ ಬಾಗಿಸಿದರೆ ಆಗುತ್ತದೆ. ನಿಜವಾದ ಪಿನ್ನು ಹಾಕಿದರೆ ಕಣ್ಣು ಅದರ ಮೇಲೇ ನಿಲ್ಲುತ್ತದೆ, ಚಪ್ಪಲಿ ಸುಳ್ಳಾಗುತ್ತದೆ.

ಎಲ್ಲಿ ಇಡಬೇಕು, ಎಲ್ಲಿ ಇಡಬಾರದು

ನಿಜವಾದ ವಡೆ ಇರುವ ತಟ್ಟೆಯಲ್ಲಿ ಮರದ ವಡೆ ಬೆರೆಸಬೇಡಿ. ಯಾರಾದರೂ ಕಚ್ಚಿದರೆ ಹಲ್ಲು ಹೋಗುತ್ತದೆ, ವಯಸ್ಸಾದವರಿದ್ದರೆ ಇನ್ನೂ ಕಷ್ಟ. ಕಚ್ಚಿದ ವಡೆಯಾದರೆ ಈ ಭಯ ಕಮ್ಮಿ, ಎಂಜಲನ್ನು ಯಾರೂ ಬಾಯಿಗೆ ಹಾಕುವುದಿಲ್ಲ. ಪುಟ್ಟ ಮಕ್ಕಳಿಗೆ ಆ ಲೆಕ್ಕವಿಲ್ಲ. ಅವರ ಕೈಗೆ ಸಿಗುವುದಾದರೆ ಕರಿಬೇವಿನ ಎಲೆ ಅಂಟಿಸಲೇಬೇಡಿ, ಕಿತ್ತು ನುಂಗುತ್ತಾರೆ.

ಬಿಳಿ ಮರಕ್ಕೆ ಹುಳು ಬೀಳುತ್ತದೆ. ತಟ್ಟೆಯಲ್ಲಿ ಸಣ್ಣ ಹಿಟ್ಟಿನಂಥ ಪುಡಿ ಕಂಡರೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿ ಇಡಿ. ತೆಗೆದ ಮೇಲೆ ಕವರ್ ಬಿಚ್ಚದೆ ಒಂದು ದಿನ ಹಾಗೇ ಬಿಡಿ, ಇಲ್ಲದಿದ್ದರೆ ತೇವ ಕೂರುತ್ತದೆ.

ದಸರಾದಲ್ಲಿ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ. ಕೆಳಗಿನ ಮೆಟ್ಟಿಲಿನಲ್ಲಿ ಅಂಗಡಿ ಶೆಟ್ಟರು ಮತ್ತು ಶೆಟ್ಟಿತಿ, ಮುಂದೆ ಅಕ್ಕಿ, ಬೇಳೆ, ಬೆಲ್ಲದ ಬಟ್ಟಲುಗಳು. ಹೋದ ಸಲ ಅವರ ಮುಂದೆ ಈ ವಡೆ ಇಟ್ಟೆ. ಅದು ಶೆಟ್ಟರ ಹೊಟ್ಟೆಗಿಂತ ದೊಡ್ಡದು. ಬೊಂಬೆ ಬಾಗಿನಕ್ಕೆ ಬಂದ ಮಕ್ಕಳು ಅಲ್ಲೇ ಕೂತು ವಾದಕ್ಕೆ ಶುರು ಮಾಡಿದರು, ಕಚ್ಚಿದ್ದು ಯಾರು ಅಂತ. ಶೆಟ್ಟರ ಬಾಯಿಗೆ ಅಳತೆ ಸರಿಹೋಗಲಿಲ್ಲ. ಆಮೇಲೆ ಒಬ್ಬಳು ನನ್ನ ಹತ್ತಿರ ಬಂದು ಬಾಯಿ ತೆರೆಯಿರಿ ಅಂದಳು.